ಹೊಳೆ ಕಾಯುತ್ತಿದ್ದ ಕಿಮ್‌ಚುಯಿ ದೊಡ್ಡಪ್ಪ

"ಶಾಲೆಗೆ ರಜೆ ಬಂತು ಅಂದ್ರೆ ಹೊಳೆಗೆ ಬೀಗ ಬಿತ್ತು ಅಂತಾನೇ ಲೆಕ್ಕ. ಬೀಗದ ಕೈ ಕಿಮ್‌ಚುಯಿ ಸೊಂಟದಲ್ಲಿರುತ್ತೆ." ಇದು ನಮ್ಮ ಬೀದಿಯವರು ಗಟ್ಟಿಯಾಗಿ ಆಡುತ್ತಿದ್ದ ಮಾತು. ಮೆಲ್ಲಗೆ ಆಡುತ್ತಿದ್ದ ಮಾತು ಇನ್ನೊಂದಿತ್ತು. ಸಂಜೆಯ ಹೊತ್ತು ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಬೀಸಣಿಗೆ ಬೀಸಿಕೊಳ್ಳುವ ಹೆಂಗಸರು, ಕಿಮ್‌ಚುಯಿ ದೊಡ್ಡಪ್ಪ ಬೀದಿಯ ತಿರುವು ದಾಟಿ ಮರೆಯಾದದ್ದನ್ನು ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಬೀಸಣಿಗೆಯನ್ನು ಬಾಯಿಗೆ ಅಡ್ಡ ಹಿಡಿದು ಹೇಳುವರು: "ಅವನು ಕಾಯೋದು ನಮ್ಮ ಮಕ್ಕಳನ್ನಲ್ಲ ಕಣೇ. ತನ್ನ ಮಗನನ್ನ."

ಆ ಮಗ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು.

ಕಿಮ್‌ಚುಯಿ ದೊಡ್ಡಪ್ಪ ನನಗೆ ರಕ್ತಸಂಬಂಧದಲ್ಲಿ ದೊಡ್ಡಪ್ಪನಲ್ಲ; ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ, ಅಷ್ಟೇ. ಅವರ ನಡಿಗೆಯನ್ನು ಒಮ್ಮೆ ಕಂಡವರು ಮರೆಯುವಂತಿರಲಿಲ್ಲ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಪುಟ್ಟ ರೈಲಿನ ಹಳಿಯನ್ನು ಯೌವನವಿಡೀ ನಡೆದು ಪರೀಕ್ಷಿಸಿದವರು ಅವರು. ಹಳಿಯ ಕೆಳಗಿನ ಮರದ ದಿಮ್ಮಿಯಿಂದ ದಿಮ್ಮಿಗೆ ಹೆಜ್ಜೆಯಿಟ್ಟು ಇಟ್ಟು ಆ ಅಂತರವೇ ಅವರ ಕಾಲುಗಳ ಸ್ವಧರ್ಮವಾಗಿಬಿಟ್ಟಿತ್ತು. ಸಂತೆಯ ನೂಕುನುಗ್ಗಲಲ್ಲಿ, ದೇವಸ್ಥಾನದ ಅಂಗಳದಲ್ಲಿ, ಹೆಂಡತಿ ಆಗಷ್ಟೇ ಒರೆಸಿದ ಅಡುಗೆಮನೆಯ ನೆಲದ ಮೇಲೆ, ಎಲ್ಲೆಲ್ಲೂ ಅದೇ ಅಳತೆಯ ಹೆಜ್ಜೆ. ಎದುರಿಗೆ ನೀರಿನ ಗುಂಡಿ ಬಂದರೆ ಹೆಜ್ಜೆ ಕಿರಿದು ಮಾಡುವ ಬದಲು ಗುಂಡಿಯೊಳಗೇ ಕಾಲಿಟ್ಟು ಮುಂದೆ ಹೋಗುವರು. ಮೈಮೇಲೆ ಕಾರ್ಖಾನೆಯವರು ಕೊಟ್ಟ ಖಾಕಿ ಕೋಟು. ಆಗಸ್ಟ್ ತಿಂಗಳ ಬೇಗೆಗೆ ನಾಯಿಗಳು ಚರಂಡಿಯಲ್ಲಿ ಹೊಟ್ಟೆ ಹಾಸಿ ಮಲಗಿರುವಾಗಲೂ ದೊಡ್ಡಪ್ಪ ಹಿತ್ತಾಳೆಯ ಗುಂಡಿಗಳನ್ನು ಕೊರಳತನಕ ಹಾಕಿಕೊಂಡು ಹೊಳೆಯ ದಂಡೆಯಲ್ಲಿ ಕೂತಿರುವರು. ಯಾರಾದರೂ ಕೇಳಿದರೆ, "ಕಾವಲಿಗೆ ಕೂತವನು ಮೈ ಬಿಟ್ಕೊಂಡು ಕೂರಬಾರದು" ಎನ್ನುವರು. ಪಕ್ಕದಲ್ಲಿ ಎರಡಾಳುದ್ದದ ಬಿದಿರು ಗಳ, ಅದರ ತುದಿಗೆ ಸೆಣಬಿನ ಹಗ್ಗದ ಕುಣಿಕೆ.

ಇಷ್ಟೆಲ್ಲ ಇದ್ದ ದೊಡ್ಡಪ್ಪನಿಗೆ ಈಜು ಬರುತ್ತಿರಲಿಲ್ಲ.

"ಅಲ್ಲ ದೊಡ್ಡಪ್ಪಾ, ನಿಮಗೇ ಈಜು ಬರಲ್ಲ. ನಾವು ಮುಳುಗಿದ್ರೆ ಏನ್ ಮಾಡ್ತೀರಿ?" ಎಂದು ನಾವು ನೀರಿನಿಂದ ತಲೆ ಎತ್ತಿ ಕೆಣಕುತ್ತಿದ್ದೆವು.

"ನಿಮ್ಮಜ್ಜಿಗೆ ಹೋಗಿ ಹೇಳ್ತೀನಿ."

"ಅಜ್ಜಿಗೂ ಈಜು ಬರಲ್ವಲ್ಲ!"

"ಅವಳು ಬೈಯೋಕೆ ಶುರು ಮಾಡಿದ್ರೆ ನೀನೇ ತೇಲ್ಕೊಂಡು ಬರ್ತೀಯ."

ತೈಪೆಯಿಂದ ದೂರದ ನಮ್ಮೂರಲ್ಲಿ ಬೇಸಿಗೆ ಎಂದರೆ ಜುಲೈ, ಆಗಸ್ಟ್; ಆ ರಜೆಗೆ ಒಂದು ವಿಚಿತ್ರವಾದ ಮೈಕಟ್ಟು. ಜುಲೈ ಪೂರ್ತಿ ಮಕ್ಕಳದು. ಪಟ್ಟಣದ ಮಕ್ಕಳು ಅಜ್ಜಿಯ ಮನೆಗೆ ಬರುವರು, ಕೋಲಿನ ತುದಿಗೆ ಅಂಟು ಹಚ್ಚಿ ಜೀರುಂಡೆ ಹಿಡಿಯುವರು, ಖೋ ಅಜ್ಜಿಯ ಅಂಗಡಿಯಲ್ಲಿ ತುರಿದ ಐಸಿನ ಮೇಲೆ ಬೆಲ್ಲದ ಪಾಕ ಹುಯ್ಯಿಸಿಕೊಂಡು ತಿಂದು ನಾಲಗೆ ಮರಗಟ್ಟಿಸಿಕೊಳ್ಳುವರು, ಕಲ್ಲಂಗಡಿಯನ್ನು ಹೊಳೆಯಲ್ಲಿ ತಣಿಯಲು ಬಿಟ್ಟು ಅದು ತೇಲಿ ಹೋದರೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವರು. ಆಗಸ್ಟ್ ಬಂತೋ, ಹಿರಿಯರ ಪಂಚಾಂಗದ ಏಳನೆಯ ತಿಂಗಳು ಬಂತು. ಸತ್ತವರ ಲೋಕದ ಬಾಗಿಲು ತೆರೆಯಿತು. ಶಾಲೆಯ ಲೆಕ್ಕದಲ್ಲಿ ರಜೆ ಇನ್ನೂ ಅರ್ಧ ಉಳಿದಿದೆ, ಅಜ್ಜಿಯರ ಲೆಕ್ಕದಲ್ಲಿ ಮುಗಿದೇಹೋಯಿತು. ಆ ತಿಂಗಳು ದೆವ್ವ ಎಂಬ ಮಾತನ್ನೇ ಯಾರೂ ಎತ್ತುವುದಿಲ್ಲ, "ಒಳ್ಳೆಯ ಅಣ್ಣಂದಿರು" ಎನ್ನುತ್ತಾರೆ. ಒಗೆದ ಬಟ್ಟೆಯನ್ನು ಕತ್ತಲಲ್ಲಿ ಹೊರಗೆ ಬಿಡುವಂತಿಲ್ಲ, ಹಿಂದಿನಿಂದ ಯಾರ ಹೆಗಲನ್ನೂ ತಟ್ಟುವಂತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೀರಿಗಿಳಿಯುವಂತಿಲ್ಲ.

ಇಳಿಯುವಂತಿಲ್ಲ ಎಂದರೆ ಇಳಿಯದಿರಲು ಮಕ್ಕಳೇನು ಮುದುಕರೇ? ಮಧ್ಯಾಹ್ನ ಅಜ್ಜಿಯರು ಚಾಪೆಗೆ ಒರಗಿದ್ದೇ ತಡ, ಹಿತ್ತಿಲ ಬಾಗಿಲಿಂದ ಒಬ್ಬೊಬ್ಬರೇ ಜಾರುವೆವು. ದೊಡ್ಡಪ್ಪ ಆಗಲೇ ದಂಡೆಯಲ್ಲಿರುವರು. ನಮ್ಮನ್ನು ಎಂದೂ ಓಡಿಸಿದವರಲ್ಲ. ನನ್ನ ಅಜ್ಜಿ ಇದಕ್ಕಾಗಿ ಅವರ ಮೇಲೆ ಜಗಳಕ್ಕೇ ಹೋಗಿದ್ದಳು. "ಗದರಿಸಿ ಮನೆಗೆ ಕಳಿಸೋದು ಬಿಟ್ಟು ನೋಡ್ತಾ ಕೂರ್ತೀಯಲ್ಲ, ನಿನಗೇನು ಮರುಳೇ?"

"ಓಡಿಸಿದ್ರೆ ಮೇಲಿನ ಮಡುವಿಗೆ ಹೋಗ್ತಾರೆ, ಅಕ್ಕಾ" ಎಂದರು ದೊಡ್ಡಪ್ಪ. "ಅಲ್ಲಿ ಯಾರೂ ಕೂತಿಲ್ಲ."

ಅವರದೊಂದು ಕಟ್ಟುನಿಟ್ಟು ಮಾತ್ರ ಇತ್ತು. ಹೊಳೆಯ ದಂಡೆಯಲ್ಲಿ ಯಾರ ಹೆಸರನ್ನೂ ಹಿಡಿದು ಕೂಗಕೂಡದು. ಆ ತಿಂಗಳು ಹೆಸರು ನೀರಿನ ಕಿವಿಗೆ ಬಿದ್ದರೆ, ನೀರು ಅದೇ ಹೆಸರು ಹಿಡಿದು ಮತ್ತೆ ಕರೆಯುತ್ತದೆಂದು ನಂಬಿಕೆ. ಆದ್ದರಿಂದ ದೊಡ್ಡಪ್ಪ ನಮ್ಮನ್ನೆಲ್ಲ ತರಕಾರಿ ಮಾಡಿಬಿಟ್ಟಿದ್ದರು. "ಏ ಮೂಲಂಗಿ, ಬಂಡೆ ದಾಟಬೇಡ! ಕುಂಬಳಕಾಯಿ, ತುಟಿ ನೀಲಿಯಾಗಿದೆ, ಮೇಲೆ ಬಾ! ಹಾಗಲಕಾಯಿ ಎಲ್ಲಿ? ಹಾಗಲಕಾಯೀ!" ಆ ಹಾಗಲಕಾಯಿ ನಾನು. ಕುಂಬಳಕಾಯಿ ಇಂದು ದೊಡ್ಡ ಬ್ಯಾಂಕೊಂದರಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತಿದ್ದಾನೆ, ಟೈ ಕಟ್ಟಿಕೊಳ್ಳುತ್ತಾನೆ. ಬೀದಿಯಲ್ಲಿ ಹಿಂದಿನಿಂದ "ಕುಂಬಳಕಾಯೀ" ಎಂದು ಕೂಗಿ ನೋಡಿ, ತಿರುಗದಿದ್ದರೆ ಕೇಳಿ.

ಇನ್ನು ಆ ಮೆಲ್ಲಗಿನ ಮಾತಿನ ವಿಷಯ. ದೊಡ್ಡಪ್ಪನ ಒಬ್ಬನೇ ಮಗ ಎಂಗ್‌ಕಿ, ಮೀಸೆ ಚಿಗುರುವ ವಯಸ್ಸಿನಲ್ಲಿ, ಇಂಥದೇ ರಜೆಯಲ್ಲಿ, ಇಂಥದೇ ಏಳನೆಯ ತಿಂಗಳಲ್ಲಿ, ಬಂಡೆಯಾಚೆಯ ಸುಳಿಗೆ ಸಿಕ್ಕಿ ಹೋದವನು. ನೀರಲ್ಲಿ ಹೋದವನು ತನ್ನ ಜಾಗಕ್ಕೆ ಇನ್ನೊಬ್ಬನನ್ನು ಎಳೆದು ಕೂರಿಸುವ ತನಕ ನೀರು ಬಿಟ್ಟು ಏಳುವಂತಿಲ್ಲ, ಮುಂದಿನ ಜನ್ಮದ ದಾರಿ ಹಿಡಿಯುವಂತಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಯಾವ ಅವಘಡವೂ ಇಲ್ಲದೆ ರಜೆ ಮುಗಿದು ಶಾಲೆಯ ಗಂಟೆ ಬಾರಿಸಿತೆಂದರೆ ಊರಿನ ತಾಯಂದಿರೆಲ್ಲ ಊದುಬತ್ತಿ ಹಚ್ಚಿ ಕೈಮುಗಿಯುವರು. ಎಂಗ್‌ಕಿ ಮಾತ್ರ ಇನ್ನೊಂದು ವರ್ಷ ಆ ತಣ್ಣನೆಯ ಕತ್ತಲೆಯಲ್ಲೇ ಉಳಿದ ಎಂದಾಯಿತು. ಬೇಸಿಗೆ ಬೇಸಿಗೆಗೂ ದೊಡ್ಡಪ್ಪ ತಮ್ಮ ಮಗನ ಬಿಡುಗಡೆಯ ಬಾಗಿಲಿಗೆ ತಾವೇ ಬೆನ್ನು ಕೊಟ್ಟು ಕೂರುತ್ತಿದ್ದರು.

ಇದನ್ನು ಅವರ ಹೆಂಡತಿ ಪೋಚು ದೊಡ್ಡಮ್ಮನಷ್ಟು ತಿಳಿದವರು ಯಾರು? ಮಗ ಹೋದ ಮೇಲೆ ದೊಡ್ಡಮ್ಮ ಹೊಳೆಯ ಕಡೆ ತಲೆ ಹಾಕಿದವರಲ್ಲ. ತಿಂಗಳ ನಡುವಿನ ಹಬ್ಬದಲ್ಲಿ ಊರೆಲ್ಲ ನೀರಿಗೆ ದೀಪ ಬಿಡಲು ಹೋದರೆ, ಇವರು ಬಾಗಿಲಲ್ಲೇ ನಿಂತು ಮಗನಿಗೆಂದು ಕಾಗದದ ಬಟ್ಟೆ ಸುಡುವರು; ಸುಟ್ಟದ್ದು ಸತ್ತವರ ಕೈ ಸೇರುತ್ತದೆಂದು ನಮ್ಮವರ ನಂಬಿಕೆ. ಆ ಬಟ್ಟೆಯನ್ನು ತಾವೇ ಕತ್ತರಿಸಿ ಅಂಟಿಸುವರು, ಮತ್ತು ಪ್ರತಿ ವರ್ಷವೂ ಅಳತೆಯನ್ನು ಬೆರಳಷ್ಟು ಹೆಚ್ಚಿಸುವರು. "ಈಗ ಅವನಿಗೆ ಭುಜ ಅಗಲ ಆಗಿರುತ್ತೆ" ಎನ್ನುವರು, ಅಂಗಡಿಯವನಿಗೆ ಹೇಳುವಷ್ಟು ಸಹಜವಾಗಿ.

ಒಂದು ಬೆಳಿಗ್ಗೆ ನಾನು ಅವರ ಅಡುಗೆಮನೆಯಲ್ಲಿ ಗೆಣಸಿನ ಸೊಪ್ಪು ಬಿಡಿಸುತ್ತ ಕೂತಿದ್ದಾಗ, ದೊಡ್ಡಪ್ಪ ಗಳ ತೆಗೆದುಕೊಂಡು ಹೊರಟರು. ದೊಡ್ಡಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಮುದುಕಾ, ಯಾರ ಮಗುವೂ ಸಾಯಲಿ ಅಂತ ನಾನು ಬೇಡಿಲ್ಲ. ದೇವರಾಣೆ ಬೇಡಿಲ್ಲ. ಆದ್ರೆ ಕಾಯೋಕೆ ನೀನೇ ಯಾಕೆ ಹೋಗ್ಬೇಕು? ಊರಲ್ಲಿ ಬೇರೆ ಗಂಡಸರಿಲ್ವಾ? ಮಗನ ಬಾಗಿಲಿಗೆ ಅಪ್ಪನೇ ಅಗುಳಿ ಹಾಕ್ಬೇಕಾ?"

ದೊಡ್ಡಪ್ಪ ಕೋಟಿನ ಕೊನೆಯ ಗುಂಡಿ ಹಾಕಿಕೊಂಡರು. "ಬೇರೆಯವರು ಕೂತ್ರೆ ಅವನು ಹೆದರಲ್ಲ. ನಾನು ನೋಡ್ತಿರುವಾಗ ಅವನು ಯಾವತ್ತಾದ್ರೂ ಇನ್ನೊಬ್ಬರ ಮಗು ಮೇಲೆ ಕೈ ಮಾಡಿದ್ದಾನಾ?"

"ಇಲ್ಲ."

"ಮತ್ತೆ?"

ದೊಡ್ಡಮ್ಮ ಬಾಣಲೆಗೆ ನೀರು ಹುಯ್ದರು. ಅದು ಚುಂಯ್ ಎಂದ ಸದ್ದಿನಲ್ಲಿ ಮುಂದಿನ ಮಾತು ಮುಳುಗಿಹೋಯಿತು. ಊರವರ ಅರ್ಧ ಮಾತು ನಿಜವೆಂದು ನನಗೆ ಅಂದು ಹೊಳೆಯಿತು. ದೊಡ್ಡಪ್ಪ ಮಗನಿಂದ ನಮ್ಮನ್ನು ಕಾಯುತ್ತಿದ್ದರು, ಹೌದು. ಆದರೆ ಅದಕ್ಕಿಂತ ಹೆಚ್ಚಾಗಿ, ಮಗ ಪಾಪಕ್ಕೆ ಬೀಳದಂತೆ ಮಗನನ್ನೂ ಕಾಯುತ್ತಿದ್ದರು.

ಖೋ ಅಜ್ಜಿಯ ಮೊಮ್ಮಗ ಬೋಹಾನ್ ತೈಪೆಯಿಂದ ಬಂದ ರಜೆಯಲ್ಲಿ ಈ ಕಾವಲಿನ ಪರೀಕ್ಷೆ ನಡೆಯಿತು. ಹುಡುಗ ಕೊಳದಲ್ಲಿ ಮೇಷ್ಟರಿಟ್ಟು ಈಜು ಕಲಿತವನು; ಕಣ್ಣಿಗೆ ನೀಲಿ ಕನ್ನಡಕ, ತಲೆಗೆ ರಬ್ಬರಿನ ಟೋಪಿ. ದೊಡ್ಡಪ್ಪ ಅವನನ್ನು ಕಂಡ ಕೂಡಲೇ "ಬದನೆಕಾಯಿ" ಎಂದು ನಾಮಕರಣ ಮಾಡಿದರು.

"ನಾನು ಬದನೆಕಾಯಿ ಅಲ್ಲ. ನನಗೆ ಹೆಸರಿದೆ."

"ಇರಲಿ, ಅದನ್ನ ಮನೆಯಲ್ಲೇ ಭದ್ರವಾಗಿ ಇಟ್ಟು ಬಾ. ಆ ಬಂಡೆ ಆಚೆ ಮಾತ್ರ ಹೋಗ್ಬೇಡ."

"ನಿಮಗೆ ಈಜು ಬರುತ್ತಾ, ನನಗೆ ಹೇಳೋಕೆ?" ಎಂದ ಹುಡುಗ. ನಾವೆಲ್ಲ ಘೊಳ್ಳೆಂದೆವು, ದೊಡ್ಡಪ್ಪನೂ ನಕ್ಕರು. ನಗುತ್ತಿರುವಾಗಲೇ ಆ ನೀಲಿ ಕನ್ನಡಕ ಬಂಡೆಯನ್ನು ದಾಟಿತು.

ಸುಳಿ ಸದ್ದು ಮಾಡುವುದಿಲ್ಲ. ಒಂದು ಕೈ ಮೇಲೆ ಬಂತು, ಹೋಯಿತು. ಟೋಪಿ ಮಾತ್ರ ನೀರ ಮೇಲೆ ತಿರುಗತೊಡಗಿತು. ನಾನು ಆಗ ಚಿಕ್ಕವಳಲ್ಲ, ಹೈಸ್ಕೂಲಿನ ಕೊನೆಯ ವರ್ಷ. ಚಿಕ್ಕಪ್ಪನ ಮಕ್ಕಳ ಕೈಗಳನ್ನು ಹಿಡಿದುಕೊಂಡು ದಂಡೆಯಲ್ಲಿ ಕಲ್ಲಾಗಿ ನಿಂತಿದ್ದೆ. ದೊಡ್ಡಪ್ಪ ಕೋಟಿನ ಸಮೇತ ನೀರಿಗೆ ನಡೆದರು. ಮೊಣಕಾಲು, ಸೊಂಟ, ಎದೆ. ಗಳವನ್ನು ಚಾಚಿದರು, ಅದು ಮುಟ್ಟಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟರೆ ಅವರೂ ಇಲ್ಲ. ಆಗ ಅಷ್ಟು ವರ್ಷ ಯಾರ ಹೆಸರನ್ನೂ ಹೊಳೆಗೆ ಕೇಳಿಸದ ಆ ಮನುಷ್ಯ, ತಲೆ ಹಿಂದಕ್ಕೆ ಎತ್ತಿ, ಆಚೆ ದಂಡೆಯ ಬಿದಿರು ಮೆಳೆ ನಡುಗುವಂತೆ ಕೂಗಿದರು.

"ಎಂಗ್‌ಕೀ! ಬಿಡೋ ಅವನನ್ನ!"

ನೀರು ತಿರುಗುತ್ತಲೇ ಇತ್ತು.

"ಎಂಗ್‌ಕೀ! ಅಪ್ಪ ಹೇಳ್ತಿದ್ದೀನಿ, ಬಿಡು!"

ಸುಳಿ ತಾನಾಗಿಯೇ ಸಡಿಲಿತೋ, ಹುಡುಗ ಕಲಿತ ವಿದ್ಯೆ ಆ ಗಳಿಗೆಗೆ ನೆನಪಾಯಿತೋ, ನಾನು ಹೇಳಲಾರೆ; ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಬೋಹಾನ್ ಗಳದ ತುದಿಯ ಪಕ್ಕದಲ್ಲೇ ಮೇಲೆದ್ದು, ಕುಣಿಕೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡ. ಅವನನ್ನು ನಾವು ಎಳೆದು ದಂಡೆಗೆ ಹಾಕಿ, ಕವುಚಿ, ಬೆನ್ನು ಗುದ್ದಿ ನೀರು ಕಕ್ಕಿಸುತ್ತಿರುವಾಗಲೂ ದೊಡ್ಡಪ್ಪ ಎದೆಮಟ್ಟದ ನೀರಿನಲ್ಲಿ ಸುಳಿಯ ಕಡೆ ಮುಖ ಮಾಡಿ ನಿಂತೇ ಇದ್ದರು. ಬಹಳ ಹೊತ್ತಿನ ಮೇಲೆ, ಪರೀಕ್ಷೆಯಲ್ಲಿ ಪಾಸಾಗಿ ಬಂದ ಮಗನಿಗೆ ಹೇಳುವಂತೆ, ಮೆಲ್ಲಗೆ "ಜಾಣ" ಎಂದರು.

ಸುದ್ದಿ ನಮಗಿಂತ ಮೊದಲೇ ಬೀದಿ ಸೇರಿತ್ತು. ಪೋಚು ದೊಡ್ಡಮ್ಮ ಹೊಸಿಲ ಮೇಲೆ ನಿಂತಿದ್ದರು. ಅಂದು ಆ ಮನೆ ಎರಡಾಗುತ್ತದೆಂದು ಊರೆಲ್ಲ ನಂಬಿ, ಬೀಸಣಿಗೆ ಬೀಸುವುದನ್ನೂ ಮರೆತು, ತಂತಮ್ಮ ಬಾಗಿಲುಗಳಲ್ಲಿ ನೆರೆದಿತ್ತು. ದೊಡ್ಡಪ್ಪ ಕೋಟಿನಿಂದ ನೀರು ಸುರಿಸುತ್ತ ಬಂದು ಅಪರಾಧಿಯ ಹಾಗೆ ಎದುರು ನಿಂತರು.

"ಬಿಟ್ಟನಾ?" ಎಂದರು ದೊಡ್ಡಮ್ಮ.

"ಬಿಟ್ಟ."

"ನೀನು ಹೇಳಿದ ತಕ್ಷಣ?"

"ಎರಡು ಸಲ ಹೇಳ್ಬೇಕಾಯ್ತು."

ದೊಡ್ಡಮ್ಮ ಹೊಸಿಲಿಳಿದರು. "ಅವನು ಯಾವತ್ತೂ ಹಾಗೇ. ಊಟಕ್ಕೆ ಕರೆದ್ರೂ ಎರಡು ಸಲ ಕರೀಬೇಕು" ಎಂದವರೇ ಗಂಡನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು, ಬಿಚ್ಚುತ್ತ ಬಿಚ್ಚುತ್ತ ಆ ಒದ್ದೆಯ ಖಾಕಿಗೆ ಹಣೆಯಿಟ್ಟು, ಅಷ್ಟು ವರ್ಷ ಯಾರೂ ಕೇಳದಿದ್ದ ಅಳುವನ್ನು ಅತ್ತರು. ಜಗಳ ಕೇಳಲು ನಿಂತಿದ್ದ ಬೀದಿ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.

ಮಾರನೆಯ ದಿನ ನನ್ನ ಅಜ್ಜಿ ಅಲ್ಲಿಗೆ ಹೋಗಿ, ಹಿರಿಯರ ಬಾಯಿಂದ ಬಂದ ಮಾತೊಂದನ್ನು ಹೇಳಿದಳು. ಕೈಗೆ ಸಿಕ್ಕವನನ್ನು ಕರುಣೆಯಿಂದ ಬಿಟ್ಟುಕೊಟ್ಟ ನೀರಿನ ಜೀವವನ್ನು ಮೇಲಿನವರು ನೀರಿನಲ್ಲೇ ಕೊಳೆಯಲು ಬಿಡುವುದಿಲ್ಲವಂತೆ. ಅಂಥವನಿಗೆ ಬದಲಿ ಆಳೂ ಬೇಕಿಲ್ಲವಂತೆ. ಒಂದು ಸೇತುವೆಯನ್ನೋ ದಂಡೆಯನ್ನೋ ನೋಡಿಕೊಳ್ಳುವ ಕೆಲಸ ಕೊಟ್ಟು ಪುಟ್ಟ ದೇವರನ್ನಾಗಿ ಮಾಡುತ್ತಾರಂತೆ. ಖೋ ಅಜ್ಜಿ ಅದನ್ನು ಅಂತೆಕಂತೆಯಾಗಿ ಉಳಿಯಲು ಬಿಡಲಿಲ್ಲ. ಹೊಳೆಯ ದಂಡೆಯ ಆಲದ ಬುಡದಲ್ಲಿ ದುಂಡಗಿನ ಕಲ್ಲೊಂದನ್ನು ನಿಲ್ಲಿಸಿ, ಕೆಂಪು ಬಟ್ಟೆ ಸುತ್ತಿ, ಮೊದಲ ಬಟ್ಟಲು ಐಸನ್ನು ತಾನೇ ಎಡೆಯಿಟ್ಟಳು. ಅದು ಕರಗಿ ನೀರಾಗುವ ತನಕ ಮೊಮ್ಮಗನನ್ನು ಕೈಮುಗಿಸಿ ನಿಲ್ಲಿಸಿದ್ದಳು.

ದೊಡ್ಡಪ್ಪನ ಕಾವಲು ಮಾತ್ರ ತಪ್ಪಲಿಲ್ಲ.

"ಇನ್ನೂ ಯಾಕೆ ಕೂರ್ತೀಯಪ್ಪಾ? ಮಗನಿಗೇ ಕೆಲಸ ಆಯ್ತಲ್ಲ, ಅವನೇ ನೋಡ್ಕೋತಾನೆ" ಎಂದು ಖೋ ಅಜ್ಜಿ ಹಾಸ್ಯ ಮಾಡಿದರೆ, ದೊಡ್ಡಪ್ಪ ಗಂಭೀರವಾಗಿ ಉತ್ತರಿಸಿದರು: "ಹೊಸದಾಗಿ ಸೇರಿದ ಹುಡುಗ. ಒಬ್ಬನನ್ನೇ ಬಿಡೋಕಾಗುತ್ತಾ?"

ಆಮೇಲೆ ನಾನು ಓದು, ಕೆಲಸ ಎಂದು ಹೊರನಾಡುಗಳಲ್ಲಿ ಬಹುಕಾಲ ಇದ್ದೆ; ಅಲ್ಲಲ್ಲಿಯ ಬೇಸಿಗೆ ರಜೆಗಳನ್ನು ಕಂಡೆ. ಜಪಾನಿನ ಕಡಲೂರಿನಲ್ಲಿ ಮಕ್ಕಳು ರಜೆಯಲ್ಲೂ ನಸುಕಿಗೇ ಎದ್ದು, ದೇವಸ್ಥಾನದ ಅಂಗಳದಲ್ಲಿ ರೇಡಿಯೋದ ತಾಳಕ್ಕೆ ಕೈಕಾಲು ಆಡಿಸಿ, ಆಮೇಲೆ ಕಡಲಿಗೆ ಓಡುತ್ತಾರೆ. ಸತ್ತ ಹಿರಿಯರು ಮನೆಗೆ ಬಂದು ಹೋಗುವ ಹಬ್ಬ ಕಳೆದ ಮೇಲೆ ಕಡಲಿಗೆ ಕಾಲಿಡುವುದಿಲ್ಲ. ಕೊರಿಯಾದ ಕಣಿವೆಗಳಲ್ಲಿ ಮನೆಮಂದಿಯೆಲ್ಲ ತೊರೆಯಲ್ಲಿ ಕಾಲು ಇಳಿಬಿಟ್ಟುಕೊಂಡು, ಸುಡುವ ಕೋಳಿಸಾರನ್ನು ಬೆವರು ಸುರಿಸುತ್ತ ಕುಡಿದು "ಆಹಾ, ತಂಪಾಯ್ತು" ಎನ್ನುತ್ತಾರೆ. ಉತ್ತರದ ಒಂದು ದೇಶದಲ್ಲಿ ಸೂರ್ಯ ಮುಳುಗುವುದನ್ನೇ ಮರೆತ ದಿನಗಳಲ್ಲಿ ಜನ ಕೆರೆದಂಡೆಯ ಮರದ ಗೂಡುಗಳಿಗೆ ಹೋಗಿ, ಹಬೆಯಲ್ಲಿ ಬೆಂದು, ತಣ್ಣೀರಿಗೆ ಹಾರಿ ಕೇಕೆ ಹಾಕುತ್ತಾರೆ. ಊಟ ಬೇರೆ, ಹಾಡು ಬೇರೆ, ದೇವರು ಬೇರೆ. ಆದರೆ ಎಲ್ಲಿ ನೋಡಿದರೂ ಕೇಕೆಯಿಂದ ಸ್ವಲ್ಪ ದೂರದಲ್ಲಿ, ಬಟ್ಟೆ ಒದ್ದೆ ಮಾಡಿಕೊಳ್ಳದ ಒಬ್ಬರು ಕೂತಿರುತ್ತಾರೆ. ಅವರು ತಿನ್ನುವುದಿಲ್ಲ, ತೂಕಡಿಸುವುದಿಲ್ಲ, ನೀರಿನಲ್ಲಿರುವ ತಲೆಗಳ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಲೋಕದ ರಜೆಗಳೆಲ್ಲ ಇಂಥ ರಜೆಯಿಲ್ಲದವರ ಕಣ್ಣಳತೆಯೊಳಗೆ ನಡೆಯುತ್ತವೆ. ತಮ್ಮದನ್ನು ಒಮ್ಮೆ ಕಳೆದುಕೊಂಡವರಲ್ಲಿ ಕೆಲವರು ಲೋಕದ ಮೇಲೆ ಮುನಿಯುತ್ತಾರೆ, ಅದು ತಪ್ಪಲ್ಲ. ಇನ್ನು ಕೆಲವರು ಕಳೆದುಕೊಂಡ ಜಾಗಕ್ಕೇ ಹೋಗಿ, ಬೇರೆಯವರದನ್ನು ಎಣಿಸುತ್ತ ಕೂರುತ್ತಾರೆ. ಅವರನ್ನು ಏನೆಂದು ಕರೆಯಬೇಕೋ ನನಗೆ ಇಂದಿಗೂ ತಿಳಿಯದು.

ನಾನು ಊರಿಗೆ ಬಂದಿದ್ದ ಒಂದು ಆಗಸ್ಟಿನಲ್ಲಿ, ದೊಡ್ಡಪ್ಪನನ್ನು ನಡುಮನೆಯಲ್ಲಿ ಗತಿಸಿದ ಹಿರಿಯರ ಪೂಜೆಯ ಪೀಠದ ಮುಂದೆ ಹಲಗೆಯ ಮೇಲೆ ಮಲಗಿಸಿದ್ದರು. ಕೊನೆಯುಸಿರು ಮನೆಯೊಳಗೇ ಹೋಗಬೇಕು. ಹೊಸಿಲಾಚೆ ಹೋದರೆ ಆ ಜೀವ ದಿಕ್ಕಿಲ್ಲದೆ ಅಲೆಯುತ್ತದೆ ಎಂಬುದು ನಮ್ಮ ಕಡೆಯ ದೊಡ್ಡ ಭಯ. ಏಳನೆಯ ತಿಂಗಳ ಮೊದಲ ಬೆಳಗು ಅದು. ದೊಡ್ಡಪ್ಪ ಮೊಣಕೈ ಊರಿ ಎದ್ದು ಕೂತು, "ಮಕ್ಕಳು ಬರೋ ಹೊತ್ತಾಯ್ತು" ಎಂದರು. ನೆಂಟರೆಲ್ಲ ಅವರನ್ನು ಅದುಮಿ ಮಲಗಿಸಲು ಹೋದರು. "ಬೇಡ ದೊಡ್ಡಪ್ಪಾ. ದಾರಿಯಲ್ಲೇ ಏನಾದ್ರೂ ಆದ್ರೆ? ಹೊರಗಡೆ ಪ್ರಾಣ ಹೋದ್ರೆ ಗತಿಯೇನು?"

"ಬಿಡ್ರೋ ಅವರನ್ನ" ಎಂದರು ಪೋಚು ದೊಡ್ಡಮ್ಮ. "ಎಲ್ಲಿ ಅಲೀತಾರೆ? ಹೊಳೆ ಹತ್ರ ನಮ್ಮವನು ಇದ್ದಾನಲ್ಲ."

ನೆಂಟರು ಕೈ ತೆಗೆದರು. ದೊಡ್ಡಮ್ಮ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರು, ಹಬ್ಬಕ್ಕೆಂದು ಇಟ್ಟಿದ್ದ ನೀಲಿ ರವಿಕೆ ತೊಟ್ಟರು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು. ಗಂಡ ಬೆರಗಾಗಿ ನೋಡಿದರು.

"ನೀನೆಲ್ಲಿಗೆ?"

"ನೀನೆಲ್ಲಿಗೋ ಅಲ್ಲಿಗೆ."

"ನೀನು ಬರಬೇಡ ಮುದುಕಿ. ಮುದ್ದು ಮಾಡಿ ಅವನನ್ನ ಕೆಡಿಸ್ತೀಯ. ಕೆಲಸದಲ್ಲಿದ್ದಾನೆ ಅವನು."

"ಕೆಡಿಸ್ತೀನಿ, ಏನೀಗ?" ಎಂದು ದೊಡ್ಡಮ್ಮ ಅವರ ತೋಳನ್ನು ತಮ್ಮ ಹೆಗಲಿಗೆ ಏರಿಸಿಕೊಂಡರು. ಆ ಮನೆಯಿಂದ ದೊಡ್ಡಪ್ಪ ಹೊರಟದ್ದು ಅದೇ ಕೊನೆ. ಹೊಸಿಲ ಬಳಿ ಉಸಿರಿಗಾಗಿ ಅವರು ಒಂದಿಷ್ಟು ನಿಂತಾಗ, ದೊಡ್ಡಮ್ಮ ದೂರದ ಊರಿನಿಂದ ಬಂದ ಮಗನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೊರಟ ತಾಯಿಯ ಆತುರದಲ್ಲಿ ಹೇಳಿದ್ದು ನಮಗೆಲ್ಲ ಕೇಳಿಸಿತು.

"ನಡಿ ಮುದುಕಾ, ಬೇಗ. ನಾನು ಅವನನ್ನ ನೋಡಿ ಎಷ್ಟು ವರ್ಷ ಆಯ್ತು."